ಬ್ರೈಟನ್ ದಾರಿಯ ಜೆನವೀವ್

ಪ್ರತಿ ವರ್ಷ ನವೆಂಬರ್ ತಿಂಗಳ ಮೊದಲ ಭಾನುವಾರ, ಇನ್ನೂ ಸರಿಯಾಗಿ ಬೆಳಕು ಹರಿಯುವ ಮೊದಲೇ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನೂರಾರು ಹಳೇ ಕಾರುಗಳು ಸಾಲುಗಟ್ಟುತ್ತವೆ. ಇದು ಬ್ರೈಟನ್‌ಗೆ ಹೋಗುವ ಓಟ, 1905ಕ್ಕೆ ಮೊದಲು ತಯಾರಾದ ಗಾಡಿಗಳಿಗೆ ಮಾತ್ರ ಇಲ್ಲಿ ಜಾಗ. ನಮ್ಮಲ್ಲಿ ಹಳೆಯ ಕಾರುಗಳನ್ನೆಲ್ಲ ‘ವಿಂಟೇಜ್’ ಎಂದುಬಿಡುತ್ತೇವೆ. ಇಂಗ್ಲೆಂಡಿನವರ ಲೆಕ್ಕದಲ್ಲಿ ವಿಂಟೇಜ್ ಎಂದರೆ ಮೊದಲ ಮಹಾಯುದ್ಧ ಮುಗಿದ ಮೇಲಿನಿಂದ 1930ರವರೆಗಿನ ಕಾರು. ಬ್ರೈಟನ್ ಓಟಕ್ಕೆ ಬರುವವು ಅದಕ್ಕಿಂತ ಒಂದು ತಲೆಮಾರು ಹಿರಿಯವು, ‘ವೆಟರನ್’ಗಳು. ಹೈಡ್ ಪಾರ್ಕಿನಿಂದ ಕಡಲತೀರದ ಬ್ರೈಟನ್‌ಗೆ ಸುಮಾರು 60 ಮೈಲಿ. ಇದು ಪೈಪೋಟಿಯಲ್ಲ. ಸರಾಸರಿ ವೇಗ ಗಂಟೆಗೆ 20 ಮೈಲಿ ದಾಟುವಂತಿಲ್ಲ, ಮೊದಲು ಬಂದವರಿಗೆ ಬಹುಮಾನವೂ ಇಲ್ಲ. ಸಂಜೆಯ ಗಡುವಿನೊಳಗೆ ತಲುಪಿದವರಿಗೆಲ್ಲ ಒಂದೊಂದು ಪದಕ.

ಈ ಓಟ ಹುಟ್ಟಿದ್ದು ಒಂದು ಕಾನೂನಿನ ಬಿಡುಗಡೆಯಿಂದ. 1865ರಲ್ಲಿ ಬ್ರಿಟನ್ ಮಾಡಿದ ನಿಯಮದಂತೆ ಯಂತ್ರದ ಗಾಡಿಗಳು ಹಳ್ಳಿದಾರಿಯಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ ಮೀರಿ ಓಡುವಂತಿರಲಿಲ್ಲ. ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. 1878ರಲ್ಲಿ ಬಾವುಟದ ಕಡ್ಡಾಯ ಹೋಯಿತು, ಆದರೆ ಮುಂದೆ ನಡೆಯುವ ಮನುಷ್ಯ ಹೋಗಲಿಲ್ಲ. 1896ರ ನವೆಂಬರ್ 14ರಂದು ಹೊಸ ಕಾನೂನು ಬಂದು ಆ ಕಟ್ಟು ಸಡಿಲವಾಯಿತು. ಅದೇ ದಿನ ಮೂವತ್ತು ಚಿಲ್ಲರೆ ಗಾಡಿಗಳು ಲಂಡನ್ನಿನಿಂದ ಬ್ರೈಟನ್‌ಗೆ ಹೊರಟವು. ಅರ್ಧದಷ್ಟು ಹೇಗೋ ತಲುಪಿದವು. 1927ರಲ್ಲಿ ಆ ಓಟವನ್ನು ಮತ್ತೆ ನೆನಪು ಮಾಡಿಕೊಂಡು ಓಡಿಸಿದರು. ಯುದ್ಧಕಾಲ ಮತ್ತು ಕೆಲವು ಅಡ್ಡಿಗಳನ್ನು ಬಿಟ್ಟರೆ ಇವತ್ತಿಗೂ ನಡೆಯುತ್ತಿದೆ. ಹೊರಡುವಾಗ ಕೆಂಪು ಬಾವುಟವೊಂದನ್ನು ಹರಿಯುವ ಶಾಸ್ತ್ರ ಈಗಲೂ ಉಂಟು.

ಈ ಓಟಕ್ಕೆ ಇನ್ನೊಂದು ಮುಖವಿದೆ. ಎಷ್ಟೋ ಚಾಲಕರು ಯಾವುದಾದರೂ ಆಸ್ಪತ್ರೆಗೋ ಮಕ್ಕಳ ಸಂಸ್ಥೆಗೋ ಹಣ ಕೂಡಿಸಲೆಂದೇ ಓಡಿಸುತ್ತಾರೆ. ಕಾರು ತಲುಪಿದರೆ ಇಷ್ಟು ಕೊಡುತ್ತೇವೆ ಎಂದು ಗೆಳೆಯರು, ಸಹೋದ್ಯೋಗಿಗಳು ಮೊದಲೇ ಮಾತು ಕೊಟ್ಟಿರುತ್ತಾರೆ. ಪಕ್ಕದ ಸೀಟನ್ನೇ ಹರಾಜಿಗಿಡುವುದೂ ಹಳೇ ಕಾರಿನವರಿಗೆ ಗೊತ್ತಿರುವ ದಾರಿ. ಶತಮಾನ ದಾಟಿದ ಯಂತ್ರ ನಡುದಾರಿಯಲ್ಲಿ ಕೈಕೊಡಬಹುದೆಂಬ ಅಳುಕು ಎಲ್ಲರಿಗೂ ಇರುತ್ತದೆ. ತಲುಪುತ್ತದೋ ಇಲ್ಲವೋ ಎಂಬ ಆ ಕುತೂಹಲವೇ ಜನರ ಜೇಬಿನಿಂದ ಹಣ ಬಿಚ್ಚಿಸುತ್ತದೆ.

ಇಂಥ ಕಾರುಗಳಲ್ಲಿ ಲೋಕಕ್ಕೆಲ್ಲ ಹೆಸರಾದದ್ದು ಜೆನವೀವ್. ಪ್ಯಾರಿಸ್ ಪಕ್ಕದ ಸುರೇನ್‌ನಲ್ಲಿದ್ದ ಡರಾಕ್ ಕಂಪನಿಯ 1904ರ ಮಾದರಿ, ಎರಡು ಸಿಲಿಂಡರಿನದು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅದು ಪೂರ್ವ ಲಂಡನ್ನಿನಲ್ಲಿ ಗುಜರಿ ರಾಶಿಯ ನಡುವೆ ತುಕ್ಕು ತಿನ್ನುತ್ತ ಬಿದ್ದಿತ್ತು. ಕೈಯಿಂದ ಕೈಗೆ ದಾಟಿ ನಾರ್ಮನ್ ರೀವ್ಸ್ ಎಂಬವರ ಬಳಿ ಬಂತು. ಅವರು ಇಲ್ಲದ ಭಾಗಗಳನ್ನು ಹುಡುಕಿ, ಹೊಂದಿಸಿ ಅದಕ್ಕೆ ಮತ್ತೆ ಜೀವ ಕೊಟ್ಟರು. ಆಗ ಅದರ ಹೆಸರು ಜೆನವೀವ್ ಅಲ್ಲ, ಆ್ಯನಿ.

ಹೆಸರು ಬದಲಾದದ್ದು ಸಿನಿಮಾದಿಂದ. ಹೆನ್ರಿ ಕಾರ್ನೀಲಿಯಸ್ ನಿರ್ದೇಶಿಸಿದ ‘ಜೆನವೀವ್’ 1953ರಲ್ಲಿ ತೆರೆಗೆ ಬಂತು. ಬ್ರೈಟನ್ ಓಟಕ್ಕೆ ಹೋದ ಇಬ್ಬರು ಗೆಳೆಯರು ಮಾತಿಗೆ ಮಾತು ಬೆಳೆಸಿ, ವಾಪಸ್ ಬರುವಾಗ ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ಯಾರು ಮೊದಲು ದಾಟುತ್ತಾರೆಂದು ಪಂಥ ಕಟ್ಟುವ ಕತೆ. ಪಂಥವಿಲ್ಲದ ಓಟದ ಮೇಲೆ ಪಂಥದ ಕತೆ ಕಟ್ಟಿದ್ದು ಅದರ ಸೊಗಸು. ಡರಾಕ್ ಓಡಿಸುವ ಪಾತ್ರಕ್ಕೆ ಬಂದ ಜಾನ್ ಗ್ರೆಗ್ಸನ್‌ಗೆ ಶೂಟಿಂಗ್ ಶುರುವಾಗುವಾಗ ಕಾರು ಓಡಿಸಲೇ ಬರುತ್ತಿರಲಿಲ್ಲ. ರಸ್ತೆಯ ದೃಶ್ಯಗಳಲ್ಲಿ ಬಹುಪಾಲು ತೆಗೆದದ್ದು ಬ್ರೈಟನ್ ದಾರಿಯಲ್ಲಲ್ಲ, ಪೈನ್‌ವುಡ್ ಸ್ಟುಡಿಯೋ ಸುತ್ತಮುತ್ತಲಿನ ಹಳ್ಳಿಗಳಲ್ಲಿ. ಸಿನಿಮಾ ಗೆದ್ದಿತು. ಅದರ ನಂತರ ಹಳೇ ಕಾರಿನ ಹುಚ್ಚು ಕೆಲವೇ ಶ್ರೀಮಂತರ ಗ್ಯಾರೇಜಿನಿಂದ ಹೊರಬಂದು ಜನರ ಪ್ರೀತಿಯಾಯಿತು. ಕಾರಿಗೂ ಸಿನಿಮಾದಲ್ಲಿಟ್ಟ ಹೆಸರೇ ಉಳಿಯಿತು.

ಕಾರಿನ ತಿರುಗಾಟ ಅಲ್ಲಿಗೆ ನಿಲ್ಲಲಿಲ್ಲ. 1950ರ ದಶಕದ ಕೊನೆಗೆ ಅದು ಸಮುದ್ರ ದಾಟಿ ಜಾರ್ಜ್ ಗಿಲ್‌ಟ್ರಾಪ್ ಅವರ ಸಂಗ್ರಹ ಸೇರಿತು, ಮೊದಲು ನ್ಯೂಜಿಲೆಂಡ್, ಆಮೇಲೆ ಆಸ್ಟ್ರೇಲಿಯಾ. ಮೂರು ದಶಕಗಳಿಗೂ ಹೆಚ್ಚು ಕಾಲ ಭೂಮಿಯ ಆ ತುದಿಯಲ್ಲಿದ್ದು, 1990ರ ದಶಕದ ಆರಂಭದಲ್ಲಿ ಇಂಗ್ಲೆಂಡಿಗೆ ಮರಳಿತು. ಈಗ ನೆದರ್‌ಲೆಂಡ್ಸ್‌ನ ಹೇಗ್ ನಗರದ ಲೌಮನ್ ಮ್ಯೂಸಿಯಂನಲ್ಲಿದೆ. ಮ್ಯೂಸಿಯಂ ಸೇರಿದ ಮೇಲೂ ಅದು ಬ್ರೈಟನ್ ದಾರಿಗೆ ಇಳಿದಿದೆ ಎಂಬುದು ನನಗೆ ಎಲ್ಲಕ್ಕಿಂತ ಸಂತೋಷದ ಸಂಗತಿ. ಗಾಜಿನಾಚೆ ಹೊಳೆಯುವ ಹಿತ್ತಾಳೆ ನೋಡಲು ಚೆಂದ ನಿಜ. ಆದರೆ ಓಡದ ಇಂಜಿನ್ನಿನ ಒಳಗೆ ತುಕ್ಕು ಕೂರುತ್ತದೆ, ಸೀಲುಗಳು ಒಣಗುತ್ತವೆ, ಓಡಿಸುವ ಕೈಗಳಿಗೂ ಅಭ್ಯಾಸ ತಪ್ಪುತ್ತದೆ.

ಆ ಕೈಗಳ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆ ಕಾಲದ ಕಾರಿಗೆ ಸೆಲ್ಫ್ ಸ್ಟಾರ್ಟ್ ಇಲ್ಲ. ಮೊದಲು ಇಂಜಿನ್ನಿಗೆ ಹನಿಹನಿಯಾಗಿ ಎಣ್ಣೆ ಬಿಡುವ ನಳಿಕೆಗಳನ್ನು ತೆರೆಯಬೇಕು. ಹಾಗೆ ಇಳಿದ ಎಣ್ಣೆ ಹಲವು ಗಾಡಿಗಳಲ್ಲಿ ತಿರುಗಿ ಬರುವುದಿಲ್ಲ, ಉರಿದೋ ಸೋರಿಯೋ ಹೋಗುತ್ತದೆ. ಕಾರ್ಬ್ಯುರೇಟರಿಗೆ ಪೆಟ್ರೋಲ್ ತುಂಬಿಸಬೇಕು. ಆಮೇಲೆ ಕಿಡಿ ಹಾರುವ ಹೊತ್ತನ್ನು ತುಸು ತಡವಾಗಿಸುವ ಲಿವರ್ ಎಳೆಯಬೇಕು. ಇದನ್ನು ಮರೆತರೆ ಇಂಜಿನ್ ಹಿಮ್ಮುಖವಾಗಿ ಒದೆಯಬಹುದು, ಮುಂದಿನಿಂದ ಹ್ಯಾಂಡಲ್ ತಿರುವುತ್ತಿರುವವರ ಮಣಿಕಟ್ಟು ಮುರಿದೇ ಹೋಗಬಹುದು. ಅದಕ್ಕೇ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಸುತ್ತಿ ಹಿಡಿಯುವುದಿಲ್ಲ, ಉಳಿದ ಬೆರಳುಗಳ ಜೊತೆಗೇ ಒಂದೇ ಕಡೆ ಇಡುತ್ತಾರೆ. ಒದ್ದರೂ ಕೈ ಜಾರಿ ಹೊರಬರಲಿ ಎಂದು. ಕೆಳಗಿನಿಂದ ಮೇಲಕ್ಕೆ ಒಂದು ಗಟ್ಟಿ ಎಳೆತ. ಇಂಜಿನ್ ಹತ್ತಿಕೊಂಡ ಕೂಡಲೇ ಓಡಿಬಂದು ಲಿವರನ್ನು ಮುಂದೆ ತಳ್ಳಬೇಕು.

ದೀಪಗಳದು ಇನ್ನೊಂದು ಪ್ರಪಂಚ. ನಮ್ಮ ಮಂಡಿಗಳಲ್ಲಿ ಮಾವು ಮಾಗಿಸಲು ಕದ್ದುಮುಚ್ಚಿ ಬಳಸುತ್ತಾರಲ್ಲ, ಅದೇ ಕಾರ್ಬೈಡ್ ಮೇಲೆ ನೀರಿನ ಹನಿ ಬಿದ್ದು ಏಳುವ ಗ್ಯಾಸಿನಿಂದ ಉರಿಯುತ್ತವೆ. ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳಿಗೆ ಮಾತ್ರ. ಆದ್ದರಿಂದ ಇಳಿಜಾರಿನಲ್ಲಿ ಮುಂದಿನ ಗಾಡಿಯಿಂದ ಸಾಕಷ್ಟು ದೂರ ಇಡುವುದೇ ಚಾಲಕನ ವಿವೇಕ. ಏರು ಬಂದರೆ ಪಕ್ಕದಲ್ಲಿ ಕೂತವರು ಇಳಿದು ತಳ್ಳಬೇಕು, ಕೈಯಲ್ಲಿ ಮರದ ಅಡೆಯನ್ನೂ ಹಿಡಿದಿರಬೇಕು, ಗಾಡಿ ಹಿಂದಕ್ಕೆ ಸರಿದರೆ ಚಕ್ರಕ್ಕೆ ಕೊಡಲು. ಹರಾಜಿನಲ್ಲಿ ಸೀಟು ಗೆದ್ದವರಿಗೆ ಸಿಗುವ ಭಾಗ್ಯ ಇದು. ಅವರು ಖುಷಿಯಿಂದಲೇ ತಳ್ಳುತ್ತಾರೆ.

ಭಾಗಗಳೆಲ್ಲ ಬದಲಾದ ಮೇಲೆ ಅದು ಹಳೇ ಕಾರು ಹೇಗಾಗುತ್ತದೆ ಎಂದು ಕೇಳುವವರಿದ್ದಾರೆ. 1930ರಲ್ಲಿ ಬ್ರೈಟನ್‌ನಲ್ಲೇ ಹುಟ್ಟಿದ ವೆಟರನ್ ಕಾರ್ ಕ್ಲಬ್ ಒಂದೊಂದು ಗಾಡಿಯ ಚಾಸಿ, ಇಂಜಿನ್, ಗೇರ್‌ಬಾಕ್ಸ್ ಪರೀಕ್ಷಿಸಿ ಹುಟ್ಟಿದ ವರ್ಷ ನಿರ್ಧರಿಸುತ್ತದೆ. ಆ ಕಟ್ಟುನಿಟ್ಟು ಬೇಕು. ಆದರೆ ಗುಜರಿಯಿಂದ ಎದ್ದುಬಂದ ಜೆನವೀವ್‌ನಂಥ ಕಾರನ್ನು ಕಡಿಮೆ ಎಂದು ನೋಡಲು ನನಗಂತೂ ಮನಸ್ಸು ಬಾರದು. ಸವೆದ ಬೇರಿಂಗನ್ನು ಹೊಸದಾಗಿ ಎರಕ ಹೊಯ್ದು ಕೂರಿಸಿದವನ ಕೆಲಸವೂ ಆ ಕಾರಿನ ಆಯುಷ್ಯದ ಭಾಗವೇ.

ನಮ್ಮಲ್ಲೂ ಈ ಪ್ರೀತಿ ಇದೆ. ಧರ್ಮಸ್ಥಳದ ಕಾರು ಸಂಗ್ರಹಾಲಯ ನೋಡದೆ ಬಂದವರು ಕಡಿಮೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ಬೇರೆಯೇ ನೋಂದಣಿ ತಂದಿತು. ಕರ್ನಾಟಕದ್ದಾದರೆ ನಂಬರ್ ಪ್ಲೇಟಿನಲ್ಲಿ ‘ಕೆಎ’ ನಂತರ ‘ವಿಎ’ ಎಂಬ ಗುರುತು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ಪ್ರದರ್ಶನ, ಸಂಶೋಧನೆ, ರ್‍ಯಾಲಿ, ರಿಪೇರಿ ಮತ್ತು ಇಂಧನ ತುಂಬಿಸಲು ಮಾತ್ರ ರಸ್ತೆಗಿಳಿಸಬಹುದು. ಇಷ್ಟು ಅವಕಾಶ ಸಾಕು. ಹಳೇ ಮನೆಗಳ ಶೆಡ್ಡುಗಳಲ್ಲಿ ಟಾರ್ಪಾಲಿನ್ ಹೊದ್ದು ನಿಂತಿರುವ ಮೋರಿಸ್, ಆಸ್ಟಿನ್‌ಗಳು ವರ್ಷಕ್ಕೊಮ್ಮೆಯಾದರೂ ಹೊರಬಂದು, ಊರಿನ ಆಸ್ಪತ್ರೆಗೋ ಶಾಲೆಗೋ ನಾಲ್ಕು ಕಾಸು ಕೂಡಿಸಬಹುದು. ಅವಕ್ಕೆ ಬೇಕಾದ ಬಿಡಿಭಾಗ ಹುಡುಕಲು ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳು ಇನ್ನೂ ಇವೆ. ಕಿಡಿ ಹಾರಿಸುವ ಪಾಯಿಂಟ್‌ಗಳ ಅಂತರವನ್ನು ಕಣ್ಣಳತೆಯಲ್ಲೇ ಹೊಂದಿಸುತ್ತಿದ್ದ ಹಿರಿಯ ಮೆಕ್ಯಾನಿಕ್‌ಗಳೂ ಅಲ್ಲಲ್ಲಿ ಇದ್ದಾರೆ. ಅವರ ಪಕ್ಕ ಸ್ಪ್ಯಾನರ್ ಹಿಡಿದು ನಿಲ್ಲಲು ಹುಡುಗರು ಬೇಕಾಗಿದ್ದಾರೆ.