ಅಮೃತಸರದಲ್ಲಿ ಕೈಮುಗಿದವರು ಹೈವೇ ಬದಿಯ ಸ್ಮಾರಕವನ್ನೂ ಕಾಣಲಿ

ಘಾಟ್ಕೋಪರ್: ಮಕ್ಕಳಿಗೆ ರಜೆ ಬಂತೆಂದರೆ ನಗರ-ಉಪನಗರಗಳ ತುಳು-ಕನ್ನಡಿಗರ ಮನೆಗಳಲ್ಲಿ ಎರಡೇ ಮಾತು. ಒಂದು ಊರಿನ ಟಿಕೆಟ್, ಇನ್ನೊಂದು ಎಲ್‌ಟಿಸಿ ಪ್ರವಾಸ. ಬ್ಯಾಂಕು, ವಿಮೆ, ರೈಲ್ವೆ ನೌಕರರಲ್ಲಿ ಅನೇಕರು ಉತ್ತರ ಭಾರತಕ್ಕೆ ಹೊರಡುವುದು ವಾಡಿಕೆ. ವೈಷ್ಣೋದೇವಿಯ ದರ್ಶನ, ಅಮೃತಸರದ ಸ್ವರ್ಣಮಂದಿರ, ಗಡಿಯ ಪರೇಡ್. ಇವುಗಳ ನಡುವೆ ಅರ್ಧ ಗಂಟೆ ಸಿಕ್ಕರೆ ಜಲಿಯನ್‌ವಾಲಾ ಬಾಗ್.

ಆ ಅರ್ಧ ಗಂಟೆಯ ಕುರಿತೇ ಸ್ವಲ್ಪ ಯೋಚಿಸಬೇಕಾಗಿದೆ.

ಸ್ವರ್ಣಮಂದಿರದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿರುವ ಈ ಬಾಗ್‌ಗೆ ಪ್ರವೇಶ ಶುಲ್ಕವಿಲ್ಲ. 1919ರ ಎಪ್ರಿಲ್ 13, ಬೈಸಾಖಿಯ ದಿನ, ಜನರಲ್ ಡಯರ್ ತೊಂಬತ್ತು ಮಂದಿ ಸೈನಿಕರೊಂದಿಗೆ ಒಳಹೊಕ್ಕು ಎಚ್ಚರಿಕೆಯನ್ನೂ ಕೊಡದೆ ಗುಂಡು ಹಾರಿಸಲು ಆಜ್ಞಾಪಿಸಿದ. ಸುಮಾರು ಹತ್ತು ನಿಮಿಷಗಳಲ್ಲಿ 1,650 ಗುಂಡುಗಳು ಹಾರಿದವು. ಸರಕಾರದ ಲೆಕ್ಕದಲ್ಲಿ ಸತ್ತವರು 379 ಮಂದಿ. ಕಾಂಗ್ರೆಸ್ ನಡೆಸಿದ ವಿಚಾರಣೆಯ ಪ್ರಕಾರ ಸುಮಾರು ಒಂದು ಸಾವಿರ. ಊರಿನಲ್ಲಿ ಕರ್ಫ್ಯೂ ಇದ್ದುದರಿಂದ ಗಾಯಾಳುಗಳಲ್ಲಿ ಅನೇಕರು ರಾತ್ರಿಯಿಡೀ ಅಲ್ಲೇ ನರಳಿದರು. ಗೋಡೆಯ ಗುಂಡಿನ ಗುರುತುಗಳೂ, ಜನರು ಪ್ರಾಣಭಯದಿಂದ ಹಾರಿದ ಬಾವಿಯೂ ಇಂದಿಗೂ ಇವೆ. 1961ರಲ್ಲಿ ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದ್ ಇಲ್ಲಿನ ಸ್ಮಾರಕವನ್ನು ಉದ್ಘಾಟಿಸಿದರು. 2021ರಲ್ಲಿ ನವೀಕರಣಗೊಂಡಾಗ, ಡಯರನ ಸೈನಿಕರು ಒಳಬಂದ ಇಕ್ಕಟ್ಟಾದ ಓಣಿಯ ಗೋಡೆಗಳಿಗೆ ನಗುಮುಖದ ಶಿಲ್ಪಗಳನ್ನು ಕೂಡಿಸಿದ್ದು ಸರಿಯೇ ಎಂದು ಇತಿಹಾಸಕಾರರು ಆಕ್ಷೇಪಿಸಿದ್ದೂ ಉಂಟು.

ಹೀಗಿದ್ದರೂ ಗೋಡೆಯ ಗುರುತುಗಳ ಎದುರು ಬೆರಳೆತ್ತಿ ನಗುತ್ತಾ ಫೋಟೋ ತೆಗೆಸಿಕೊಳ್ಳುವವರಿಗೆ ಕೊರತೆಯಿಲ್ಲ. ಇದು ಇಲ್ಲಿನ ಸಮಸ್ಯೆ ಮಾತ್ರವಲ್ಲ. ನಾಜಿಗಳು ಸುಮಾರು 11 ಲಕ್ಷ ಜನರನ್ನು ಕೊಂದ ಪೋಲೆಂಡಿನ ಆಶ್ವಿಟ್ಜ್‌ನಲ್ಲಿ, ಬಂದಿಗಳನ್ನು ತಂದ ರೈಲು ಹಳಿಯ ಮೇಲೆ ಸರ್ಕಸ್ ಮಾಡಿ ಫೋಟೋ ತೆಗೆಸಿಕೊಳ್ಳಬೇಡಿ ಎಂದು ಅಲ್ಲಿನ ಮ್ಯೂಸಿಯಂ 2019ರಲ್ಲಿ ಬಹಿರಂಗವಾಗಿ ವಿನಂತಿಸಬೇಕಾಯಿತು. ಕಾಂಬೋಡಿಯಾದ ನೋಮ್ ಪೆನ್ ನಗರದ ತುವೊಲ್ ಸ್ಲೆಂಗ್ ಮೊದಲು ಶಾಲೆಯಾಗಿತ್ತು, ಪೋಲ್ ಪಾಟ್ ಆಡಳಿತದಲ್ಲಿ ಸೆರೆಮನೆಯಾಯಿತು, ಈಗ ಮ್ಯೂಸಿಯಂ. ರುವಾಂಡಾದ ಕಿಗಾಲಿ ಸ್ಮಾರಕದಲ್ಲಿ 1994ರ ಹತ್ಯಾಕಾಂಡಕ್ಕೆ ಬಲಿಯಾದ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಸಮಾಧಿಯಿದೆ. ಒಂದು ಜನಾಂಗವನ್ನೇ ಅಳಿಸಿಹಾಕುವ ಉದ್ದೇಶದ ಜನಾಂಗಹತ್ಯೆಯೂ ಪೊಲೀಸರ ಗೋಲಿಬಾರೂ ಒಂದೇ ಅಲ್ಲ. ವಿಶ್ವಸಂಸ್ಥೆಯ 1948ರ ಒಪ್ಪಂದ ಜನಾಂಗಹತ್ಯೆಗೆ ಪ್ರತ್ಯೇಕ ವ್ಯಾಖ್ಯೆ ಕೊಟ್ಟಿದೆ. ಆದರೆ ಸತ್ತವರ ಮುಂದೆ ನಿಲ್ಲುವ ರೀತಿ ಎಲ್ಲ ಕಡೆಯೂ ಒಂದೇ. ಚಪ್ಪಲಿ ಬಿಡಬೇಕೆಂದಿಲ್ಲ, ದನಿ ತಗ್ಗಿಸಿದರೆ ಸಾಕು.

ಅಮೃತಸರ ದೂರವಾಯಿತು ಎನ್ನುವವರಿಗೆ ಕರ್ನಾಟಕದಲ್ಲೇ ಅಂಥದೊಂದು ಸ್ಥಳವಿದೆ. ಬೆಂಗಳೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಹಿಂದೂಪುರ ದಾಟಿ ಸಾಗುವ ದಾರಿಯಲ್ಲಿ ಗೌರಿಬಿದನೂರು ಬರುತ್ತದೆ. ಅಲ್ಲಿಗೆ ಸಮೀಪದ ವಿದುರಾಶ್ವತ್ಥಕ್ಕೆ ನಾಗಪ್ರತಿಷ್ಠೆಗೆಂದು ಜನ ಬರುತ್ತಾರೆ. ಅಶ್ವತ್ಥದ ಕಟ್ಟೆಗೆ ಸುತ್ತು ಬರುವವರಲ್ಲಿ ಎಷ್ಟು ಮಂದಿ ಹತ್ತಿರದ ಹುತಾತ್ಮರ ಸ್ಮಾರಕದ ಕಡೆಗೆ ಹೆಜ್ಜೆ ಹಾಕುತ್ತಾರೆ? 1938ರ ಎಪ್ರಿಲ್ 25ರಂದು, ಶಿವಪುರ ಧ್ವಜ ಸತ್ಯಾಗ್ರಹ ನಡೆದು ಎರಡು ವಾರವಷ್ಟೇ ಆಗಿದ್ದಾಗ, ನಿಷೇಧಾಜ್ಞೆ ಮೀರಿ ಇಲ್ಲಿ ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸರಕಾರ ಹತ್ತು ಮಂದಿ ಸತ್ತರೆಂದಿತು. ಜನರು ನೆನೆಯುವುದು 32 ಮಂದಿಯನ್ನು. ಇದರ ಬೆನ್ನಿಗೇ ಸರ್ದಾರ್ ಪಟೇಲ್ ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್ ನಡುವೆ ಒಪ್ಪಂದವಾಗಿ ಧ್ವಜ ಹಾರಿಸಲು ಅನುಮತಿ ದೊರಕಿತು. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂಬ ಹೆಸರು ಈ ಸ್ಥಳಕ್ಕೆ ಬಂದದ್ದು ಸುಮ್ಮನೆ ಅಲ್ಲ.

ಇನ್ನು ರೈಲು ಹತ್ತಲೂ ಬೇಕಿಲ್ಲದ ಸ್ಥಳವೊಂದಿದೆ. ಪಂತ್‌ನಗರ, ಅಸಲ್ಫಾ ಕಡೆಯ ಕನ್ನಡಿಗರು ಥಾಣೆಗೆ ಹೋಗುವಾಗ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಬಸ್ಸಿನ ಕಿಟಕಿಯಿಂದ ಎಷ್ಟೋ ಬಾರಿ ಕಂಡಿರುವ ಮಾತಾ ರಮಾಬಾಯಿ ಅಂಬೇಡ್ಕರ್ ನಗರ. 1997ರ ಜುಲೈ 11ರ ಬೆಳಿಗ್ಗೆ ಅಲ್ಲಿನ ಡಾ. ಅಂಬೇಡ್ಕರ್ ಪ್ರತಿಮೆಗೆ ಯಾರೋ ಚಪ್ಪಲಿ ಹಾರ ಹಾಕಿದ್ದು ಬೆಳಕಿಗೆ ಬಂತು. ನೊಂದ ಜನರು ಹೈವೇಗೆ ಇಳಿದರು. ರಾಜ್ಯ ಮೀಸಲು ಪೊಲೀಸ್ ಪಡೆ ಗುಂಡು ಹಾರಿಸಿತು. ಹತ್ತು ಮಂದಿ ಸತ್ತರು, 26 ಮಂದಿ ಗಾಯಗೊಂಡರು. ನಾಲ್ಕು ದಿನಗಳ ಬಳಿಕ, ಮುಲುಂಡ್‌ನಲ್ಲಿದ್ದ ದಲಿತ ಕವಿ-ಗಾಯಕ ವಿಲಾಸ್ ಘೋಗ್ರೆ ಈ ನೋವಿನಲ್ಲೇ ಪ್ರಾಣ ಕಳೆದುಕೊಂಡರು. ಅವರ ಸಾವಿನಿಂದ ಆರಂಭವಾಗುವ ಆನಂದ್ ಪಟವರ್ಧನ್ ಅವರ ‘ಜೈ ಭೀಮ್ ಕಾಮ್ರೇಡ್’ ಸಾಕ್ಷ್ಯಚಿತ್ರ 2011ರಲ್ಲಿ ತೆರೆಕಂಡಿತು.

ನ್ಯಾಯಮೂರ್ತಿ ಗುಂಡೇವಾರ್ ಆಯೋಗ ವಿಚಾರಣೆ ನಡೆಸಿ ಈ ಗೋಲಿಬಾರ್ ಅನಗತ್ಯವಾಗಿತ್ತು ಎಂಬ ನಿರ್ಣಯಕ್ಕೆ ಬಂತು. 2009ರ ಮೇಯಲ್ಲಿ ಸೆಷನ್ಸ್ ನ್ಯಾಯಾಲಯವು ಗುಂಡು ಹಾರಿಸಲು ಆಜ್ಞೆಯಿತ್ತ ಅಧಿಕಾರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿ ಸಲ್ಲಿಸಿದ ಅವರಿಗೆ ಹೈಕೋರ್ಟ್‌ನಲ್ಲಿ ಜಾಮೀನು ದೊರಕಿತು. ಹನ್ನೆರಡು ವರ್ಷ ಕಾದ ಮನೆಗಳವರಿಗೆ ಆಗ ಏನನ್ನಿಸಿತ್ತು ಎಂಬುದನ್ನು ಬೇರೆ ಹೇಳಬೇಕಿಲ್ಲ. ಬಲಿಯಾದವರಿಗಾಗಿ ಅಲ್ಲಿನ ನಿವಾಸಿಗಳು ಸ್ಮಾರಕ ಕಟ್ಟಿದರು. ಪ್ರತಿ ಜುಲೈ 11ರಂದು ಶ್ರದ್ಧಾಂಜಲಿ ಸಲ್ಲುತ್ತದೆ. ಅದು ಯಾವ ಟೂರ್ ಕಂಪೆನಿಯ ಪಟ್ಟಿಯಲ್ಲೂ ಇರುವಂಥ ಸ್ಥಳವಲ್ಲ.

ಇದೀಗ ಎಂಎಂಆರ್‌ಡಿಎ ಮತ್ತು ಎಸ್‌ಆರ್‌ಎ ಜಂಟಿಯಾಗಿ ಇಡೀ ಬಡಾವಣೆಯ ಪುನರ್ವಿಕಾಸವನ್ನು ಕೈಗೆತ್ತಿಕೊಂಡಿವೆ. ಜೋಪಡಿಗಳು ಹೋಗಿ ಬಹುಮಹಡಿ ಕಟ್ಟಡಗಳು ಬರಲಿವೆ. ನಿವಾಸಿಗಳಿಗೆ ಪಕ್ಕಾ ಮನೆ ಸಿಗುವುದು ಸಂತಸದ ಸಂಗತಿಯೇ. ಆದರೆ ಹೊಸ ಕಟ್ಟಡಗಳ ನಡುವೆ ಆ ಹತ್ತು ಹೆಸರುಗಳಿಗೂ ಎಲ್ಲರಿಗೆ ಕಾಣುವಂಥ ಜಾಗ ಉಳಿಯಬೇಕು. ಅಮೃತಸರದ ಗೋಡೆ ನೂರು ವರ್ಷ ಉಳಿದದ್ದು ಅದನ್ನು ಕಾಣಲು ಜನ ಹೋಗುತ್ತಿರುವುದರಿಂದ. ಯಾರೂ ಹೋಗದ ಸ್ಮಾರಕವನ್ನು ಬದಿಗೆ ಸರಿಸುವುದು ಸುಲಭ.

ಅಮೃತಸರಕ್ಕೆ ಎರಡು ರಾತ್ರಿಯ ಪ್ರಯಾಣ ಮಾಡುವವರಿಗೆ ಘಾಟ್ಕೋಪರ್ ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಅಲ್ಲಿಗೆ ಹೋಗುವುದು ಹೊರೆಯೇನಲ್ಲ. ಬರುವ ಜುಲೈ 11ರಂದು ಆಫೀಸಿನಿಂದ ಮರಳುವಾಗ ಮಕ್ಕಳನ್ನೂ ಕರೆದುಕೊಂಡು ಹತ್ತು ನಿಮಿಷ ಅಲ್ಲಿ ನಿಂತು, ಹತ್ತು ಹೆಸರುಗಳನ್ನೂ ಓದಿ ಬಂದರೆ ಸಾಕು. ಮುಂದಿನ ರಜೆಯಲ್ಲಿ ಜಲಿಯನ್‌ವಾಲಾ ಬಾಗ್‌ನ ಗೋಡೆಯ ಮುಂದೆ ಹೇಗೆ ನಿಲ್ಲಬೇಕೆಂದು ಆ ಮಕ್ಕಳಿಗೆ ಹೇಳಿಕೊಡಬೇಕಾಗಲಾರದು.