ಗುಬ್ಬಿ ಹಾರ್ನಿಗೆ ಗಂಟಲು

“ಸಾರ್, ಇದು ಗುಬ್ಬಿ ಹಾರ್ನು. ಲಾರಿಯವ್ನಿಗೆ ಎಲ್ಲಿ ಕೇಳ್ಸುತ್ತೆ?”

ಬಾನೆಟ್ ಎತ್ತಿ ನಿಂತಿದ್ದ ಮೆಕ್ಯಾನಿಕ್ ಹೀಗೆ ತೀರ್ಪು ಕೊಟ್ಟಾಗ ಎದುರಾಡಲು ನನ್ನ ಬಳಿ ಏನೂ ಇರಲಿಲ್ಲ. ಹಿಂದಿನ ವಾರವಷ್ಟೇ ಹುಣಸೂರು ರಸ್ತೆಯಲ್ಲಿ ಬಿಳಿಕೆರೆ ದಾಟಿದ ಮೇಲೆ ಮರದ ದಿಮ್ಮಿ ಹೇರಿಕೊಂಡ ಲಾರಿಯೊಂದು ಇಂಡಿಕೇಟರ್ ಹಾಕದೆ ನನ್ನತ್ತ ಸರಿದಿತ್ತು. ಅದರ ಬೆನ್ನಿನ ಮೇಲೆ ದಪ್ಪಕ್ಷರದಲ್ಲಿ ‘ಸೌಂಡ್ ಹಾರ್ನ್’ ಎಂದು ಬರೆದಿತ್ತು. ನಾನು ಪೀಂ ಪೀಂ ಎಂದೆ. ಲಾರಿ ಸರಿಯುತ್ತಲೇ ಬಂತು. ಕೊನೆಗೆ ಬ್ರೇಕ್ ತುಳಿದು, ಮಣ್ಣಿಗಿಳಿದು ಬಚಾವಾದೆ. ಚಾಲಕನ ಮೇಲೆ ಸಿಟ್ಟೂ ಬರಲಿಲ್ಲ. ಅವನ ಕ್ಯಾಬಿನ್ನಿನೊಳಗೆ ಎಂಜಿನ್ನಿನ ಸದ್ದು, ಹಾಡಿನ ಸದ್ದು ಎಲ್ಲ ಸೇರಿ ನನ್ನ ಪೀಂ ಪೀಂ ಸೊಳ್ಳೆಯಷ್ಟೂ ಕೇಳಿಸಿರಲಾರದು.

ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ ಮನೆ ಇರುವವನಿಗೆ ಹಾರ್ನಿನ ವಿಷಯದಲ್ಲಿ ಎರಡು ಬಾಳು. ಮನೆಯಿಂದ ಕಾಳಿದಾಸ ರಸ್ತೆಗೆ ಬಂದು ತರಕಾರಿ ಕೊಂಡು ಹಿಂದಿರುಗುವವರೆಗೆ ಗುಬ್ಬಿ ಹಾರ್ನೇ ಹೆಚ್ಚು. ಅದೇ ಕಾರು ಅರ್ಧ ಗಂಟೆಯಲ್ಲಿ ಹುಣಸೂರು ರಸ್ತೆಯಲ್ಲೋ ಬೆಂಗಳೂರಿನ ಎಕ್ಸ್‌ಪ್ರೆಸ್‌ವೇಯಲ್ಲೋ ಇದ್ದರೆ ಗುಬ್ಬಿಗೆ ಗಂಟಲು ಸಾಲದು. ಹಾರ್ನ್ ಬದಲಾಯಿಸುವವರೆಲ್ಲ ಶೋಕಿಗೆ ಬದಲಾಯಿಸುತ್ತಾರೆ ಎಂಬ ಮಾತನ್ನು ನಾನೂ ನಂಬಿದ್ದೆ. ಬಿಳಿಕೆರೆಯ ಆ ಲಾರಿ ಅದನ್ನು ಬಿಡಿಸಿತು.

ಬಿಡಿಭಾಗದ ಅಂಗಡಿಗೆ ಹೋದರೆ ಹಾರ್ನಿನದೇ ಒಂದು ಗೋಡೆ. ಕೊಯಮತ್ತೂರಿನ ರೂಟ್ಸ್, ನಮ್ಮವರದೇ ಮಿಂಡಾ, ಜರ್ಮನಿ ಮೂಲದ ಬಾಷ್, ಕೆಂಪು ಜಾಲರಿಯ ಹೆಲ್ಲಾ. ಹೆಸರು ಎಷ್ಟೇ ಇದ್ದರೂ ಜಾತಿ ಮುಖ್ಯವಾಗಿ ಎರಡೇ. ಒಂದು ತಟ್ಟೆಯಂತಿರುವ ಡಿಸ್ಕ್ ಹಾರ್ನ್. ಇನ್ನೊಂದು ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡಿರುವ ವಿಂಡ್‌ಟೋನ್. ಎರಡರ ಹೊಟ್ಟೆಯಲ್ಲೂ ನಡೆಯುವುದು ಒಂದೇ ಆಟ. ಬಟನ್ ಒತ್ತಿದೊಡನೆ ವಿದ್ಯುತ್ ಸುರುಳಿ ಅಯಸ್ಕಾಂತವಾಗಿ ತೆಳು ಉಕ್ಕಿನ ಪರದೆಯನ್ನು ಎಳೆದುಕೊಳ್ಳುತ್ತದೆ. ಎಳೆದ ಕ್ಷಣವೇ ಅಲ್ಲಿರುವ ಪಾಯಿಂಟ್ ಬಿಟ್ಟುಕೊಂಡು ಕರೆಂಟ್ ಕಡಿಯುತ್ತದೆ, ಪರದೆ ಹಿಂದಕ್ಕೆ ಚಿಮ್ಮುತ್ತದೆ, ಪಾಯಿಂಟ್ ಮತ್ತೆ ಕೂಡುತ್ತದೆ. ಸೆಕೆಂಡಿಗೆ ನಾನೂರು ಸಲ ಹೀಗಾದರೆ ನಾನೂರು ಹರ್ಟ್ಸಿನ ಸ್ವರ. ಡಿಸ್ಕ್ ಹಾರ್ನಿನಲ್ಲಿ ಪರದೆಗೆ ಅಂಟಿದ ಇನ್ನೊಂದು ತಟ್ಟೆ ಇದರ ಮೇಲೆ ಚೂಪಾದ ಉಪಸ್ವರಗಳನ್ನು ಹುಟ್ಟಿಸುತ್ತದೆ. ಮನುಷ್ಯನ ಕಿವಿ ಅತಿ ಚುರುಕಾಗಿರುವ ಎರಡು-ಮೂರು ಸಾವಿರ ಹರ್ಟ್ಸಿನ ಸುತ್ತಲೇ ಅವು ಇರುವುದರಿಂದ ಚುಚ್ಚಿದಂತೆ ಕೇಳುತ್ತದೆ. ವಿಂಡ್‌ಟೋನಿನಲ್ಲಿ ಸುರುಳಿಯೊಳಗಿನ ಗಾಳಿಯೂ ಜೊತೆಗೆ ನುಡಿಯುತ್ತದೆ, ನಾಗಸ್ವರದ ಕೊಳವೆಯಲ್ಲಿ ನುಡಿದಂತೆ. ದನಿ ದುಂಡಗಾಗುತ್ತದೆ.

ಕಂಪನಿಯವರು ಕಡಿಮೆ ಬೆಲೆಯ ಮಾಡೆಲ್‌ಗಳಿಗೆ ಹಲವು ಸಲ ಒಂದೇ ಡಿಸ್ಕ್ ಹಾರ್ನ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಗುಬ್ಬಿಯ ಗುಟ್ಟು ಇಷ್ಟೇ: ಜೊತೆಗಿರಬೇಕಾದ ಕೆಳಸ್ವರ ಇಲ್ಲ. ಅಂಗಡಿಯಲ್ಲಿ ಸಿಗುವುದು ಜೋಡಿ, ಒಂದು ‘ಹೈ’, ಒಂದು ‘ಲೋ’. ಕೆಂಪು ಜಾಲರಿಯ ಜೋಡಿಯಲ್ಲಿ ಅವು 500 ಮತ್ತು 400 ಹರ್ಟ್ಸ್. ಐದಕ್ಕೆ ನಾಲ್ಕು ಎಂದರೆ ಷಡ್ಜದ ಜೊತೆ ಅಂತರ ಗಾಂಧಾರ. ಸರಳೆ ವರಸೆ ಕಲಿತ ಮೈಸೂರಿನ ಮಕ್ಕಳಿಗೆಲ್ಲ ಪರಿಚಯದ ಜೋಡಿ. ಅಂಗಡಿಯಾತ ಎರಡು ತಂತಿ ಮುಟ್ಟಿಸಿ ನುಡಿಸಿ ತೋರಿಸಿದಾಗ ಮೊದಲು ಒಂದು, ಆಮೇಲೆ ಇನ್ನೊಂದು, ಆಮೇಲೆ ಎರಡೂ ಕೂಡಿ ಕೇಳಿದೆ. ಕೂಡಿದಾಗ ಮಾತ್ರ ಅದು ಕಾರಿನ ದನಿ.

ಇಲ್ಲಿಗೆ ಕೆಲಸ ಮುಗಿಯಿತೆಂದು ಹಳೆಯ ಹಾರ್ನ್ ಬಿಚ್ಚಿ ಅದೇ ತಂತಿಗೆ ಹೊಸ ಜೋಡಿ ಸಿಕ್ಕಿಸುವವರು ಬಹಳ. ತಪ್ಪು ನಡೆಯುವುದೇ ಇಲ್ಲಿ. ಹಾರ್ನೊಂದು ಐದು ಆಂಪಿಯರ್ ಎಳೆದರೆ 12 ವೋಲ್ಟಿಗೆ 60 ವ್ಯಾಟ್ ಆಯಿತು. ಜೋಡಿಗೆ 120 ವ್ಯಾಟ್, ಹೆಚ್ಚುಕಡಿಮೆ ಎರಡು ಹ್ಯಾಲೊಜೆನ್ ಹೆಡ್‌ಲೈಟಿನಷ್ಟು. ಗುಬ್ಬಿಗೆಂದು ಎಳೆದಿದ್ದ ಸಣ್ಣ ತಂತಿಯಲ್ಲಿ ಇಷ್ಟು ಕರೆಂಟ್ ಹರಿದರೆ ದಾರಿಯಲ್ಲೇ ವೋಲ್ಟೇಜ್ ಸೋರಿಹೋಗಿ ಹೊಸ ಹಾರ್ನ್ ಕೆಮ್ಮಿದಂತೆ ಕೇಳುತ್ತದೆ. ಇಲ್ಲವೇ ಫ್ಯೂಸ್ ಹೋಗುತ್ತದೆ, ಸ್ಟಿಯರಿಂಗಿನ ಸ್ವಿಚ್ ಪಾಯಿಂಟ್ ಕರಿದಾಗುತ್ತದೆ. ಅದಕ್ಕೇ ರಿಲೇ. ಬೆರಳುದ್ದದ ಕಪ್ಪು ಡಬ್ಬಿ, ಅಡಿಯಲ್ಲಿ 30, 85, 86, 87 ಎಂದು ನಾಲ್ಕು ಕಾಲು. ಬ್ಯಾಟರಿಯಿಂದ ಫ್ಯೂಸ್ ಮೂಲಕ 30ಕ್ಕೆ ದಪ್ಪ ತಂತಿ, 87ರಿಂದ ಹಾರ್ನುಗಳಿಗೆ. ಹಳೆಯ ಹಾರ್ನಿಗೆ ಬರುತ್ತಿದ್ದ ತಂತಿಯ ಕೆಲಸ ಈಗ 85-86ರ ನಡುವಿನ ಪುಟ್ಟ ಸುರುಳಿಯನ್ನು ಎಬ್ಬಿಸುವುದಷ್ಟೆ. “ದೊಡ್ಡ ಗೇಟು ತೆಗ್ಯಾಕೆ ಯಜಮಾನ್ರು ಯಾಕೆ ಬರ್ಬೇಕು ಸಾರ್, ವಾಚ್‌ಮನ್ ಸಾಕು” ಎಂದ ಮೆಕ್ಯಾನಿಕ್. ರಿಲೇಯನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ ಪುಸ್ತಕ ನಾನು ಓದಿಲ್ಲ.

ಕೂರಿಸುವುದರಲ್ಲೂ ಅವನಿಗೆ ಹಟ. ವಿಂಡ್‌ಟೋನ್ ಆದರೆ ಸುರುಳಿಯ ಬಾಯಿ ಕೆಳಗೆ ನೋಡಬೇಕು, ಇಲ್ಲದಿದ್ದರೆ ಮೊದಲ ಮಳೆಗೇ ನೀರು ಕುಡಿಯುತ್ತದೆ. ಹಾರ್ನಿನ ಜೊತೆ ಬರುವ ತೆಳು ಪಟ್ಟಿಯನ್ನೇ ಬಳಸಬೇಕು. ದಪ್ಪ ಕಬ್ಬಿಣಕ್ಕೆ ಬಿಗಿದರೆ ಹಾರ್ನಿನ ಮೈ ಅದುರಲಾಗದೆ ದನಿ ಕಟ್ಟುತ್ತದೆ. ಬಂಪರಿಗೆ ಅಂಚು ತಾಗಿದರೂ ಹಾಗೆಯೇ. ಕಾರಿನ ಮೂಲ ತಂತಿ ಕತ್ತರಿಸುವುದು ಬೇಡ ಎಂದು ಕಪ್ಲರ್ ಇರುವ ವೈರಿಂಗ್ ಕಿಟ್ ತರಿಸಿದೆವು.

ಇನ್ನು ಡಬ್ಬಿಯ ಮೇಲಿನ ಸಂಖ್ಯೆ. ಕೆಂಪು ಜಾಲರಿಯದರಲ್ಲಿ 118 ಡೆಸಿಬೆಲ್. ಕೊಳ್ಳುವವರು ಇದನ್ನು ಮೊಬೈಲಿನ ಬೆಲೆ ನೋಡಿದಂತೆ ನೋಡುತ್ತಾರೆ, 118 ದೊಡ್ಡದೋ 110 ದೊಡ್ಡದೋ ಎಂದು. ಆ ಅಳತೆ ಎರಡು ಮೀಟರ್ ದೂರದ್ದು. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಆರು ಡೆಸಿಬೆಲ್ ಇಳಿಯುತ್ತದೆ. ಏಳು ಮೀಟರಿಗೆ 107, ಇಪ್ಪತ್ತು ಮೀಟರಿಗೆ 98, ನೂರು ಮೀಟರಿಗೆ 84. ಗಾಜು ಏರಿಸಿ ಎ.ಸಿ. ಹಾಕಿದ ಮುಂದಿನ ಕಾರಿನೊಳಗೆ ಅದರಲ್ಲಿ ದೊಡ್ಡ ಪಾಲು ನುಗ್ಗುವುದೇ ಇಲ್ಲ. ಅಂದಮೇಲೆ ಉಳಿದ ಸದ್ದು ಎಲ್ಲಿಗೆ ಹೋಯಿತು? ಫುಟ್‌ಪಾತಿನಲ್ಲಿ ಹೂ ಕಟ್ಟುತ್ತಿರುವಾಕೆಗೆ, ಸ್ಕೂಟರಿನ ಮುಂದೆ ನಿಂತ ಮಗುವಿಗೆ, ಮೊದಲ ಮಹಡಿಯ ಬಾಲ್ಕನಿಯಲ್ಲಿ ಪೇಪರ್ ಓದುತ್ತಿರುವವರಿಗೆ. ಗಾಜು ಇಲ್ಲದವರಿಗೆಲ್ಲ ಅದು ಪೂರ್ತಿ ಸಲ್ಲುತ್ತದೆ.

ಕಾನೂನು ಇಲ್ಲಿ ನಾವು ಅಂದುಕೊಂಡದ್ದಕ್ಕಿಂತ ಜಾಣತನದ್ದು. ಕಾರಿಗೆ ಕೂರಿಸಿದ ಹಾರ್ನಿನ ಸದ್ದು ಏಳು ಮೀಟರ್ ದೂರದಲ್ಲಿ 93ರಿಂದ 112 ಡೆಸಿಬೆಲ್ ಒಳಗಿರಬೇಕು. ಮೇಲಿನ ಗೆರೆ ಇರುವಂತೆ ಕೆಳಗಿನ ಗೆರೆಯೂ ಇದೆ. ತೀರಾ ಗುಬ್ಬಿಯೂ ಆಗಬಾರದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮವು ಒಂದಾದ ಮೇಲೊಂದು ಬೇರೆ ಬೇರೆ ಸ್ವರ ಹೊರಡಿಸುವ ಹಾರ್ನನ್ನೂ ವಿಪರೀತ ಕರ್ಕಶವಾದ, ಗಾಬರಿ ಹುಟ್ಟಿಸುವ ಸಾಧನವನ್ನೂ ನಿಷೇಧಿಸುತ್ತದೆ. ನನ್ನ ಜೋಡಿಯ ಮಟ್ಟಿಗೆ ಹೇಳುವುದಾದರೆ ಷಡ್ಜ, ಗಾಂಧಾರ ಒಟ್ಟಿಗೆ ನುಡಿದರೆ ಸರಿ, ಒಂದರ ಹಿಂದೊಂದು ನುಡಿದರೆ ಅಪರಾಧ! ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು ಕೊಳಲು, ತಬಲಾ, ಹಾರ್ಮೋನಿಯಂ ದನಿಯ ಹಾರ್ನ್ ತರುವ ಮಾತನ್ನು 2021ರಲ್ಲೊಮ್ಮೆ, 2025ರಲ್ಲೊಮ್ಮೆ ಆಡಿದ್ದಾರೆ. ಸಂಜೆ ಆರಕ್ಕೆ ಕಾಳಿದಾಸ ರಸ್ತೆಯಲ್ಲಿ ನಲವತ್ತು ಹಾರ್ಮೋನಿಯಂ ಒಟ್ಟಿಗೆ ಬಾಯಿಬಿಟ್ಟರೆ ಹೇಗಿರುತ್ತದೆಂದು ನಾನು ಊಹಿಸಿ ನೋಡಿದೆ. ಗುಬ್ಬಿಯೇ ವಾಸಿ.

ದಂಡದ ಲೆಕ್ಕವೂ ಇದೆ. ಸುಮ್ಮನೆ ಹಾರ್ನ್ ಬಾರಿಸಿದರೆ 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲಕ್ಕೆ 1,000 ರೂಪಾಯಿ, ಆಮೇಲೆ 2,000. ಶಬ್ದಮಾಲಿನ್ಯದ ಮಾನದಂಡ ಮೀರಿದ ವಾಹನವೆಂದಾದರೆ 10,000ದವರೆಗೂ ಹೋಗುತ್ತದೆ. ಇವೆಲ್ಲ ಇದ್ದೂ ಬಸ್ಸು ಲಾರಿಗಳ ಬ್ರೇಕಿನ ಗಾಳಿ ಟ್ಯಾಂಕಿನಿಂದ ಕೊಳವೆ ಎಳೆದುಕೊಂಡು ಅರಚುವ ಏರ್ ಹಾರ್ನ್ ನಿಂತಿಲ್ಲ. 2025ರ ಜನವರಿಯಲ್ಲಿ ಶಿವಮೊಗ್ಗದ ಸಂಚಾರ ಪೊಲೀಸರೊಬ್ಬರು ದಂಡಕ್ಕಿಂತ ಸರಳ ದಾರಿ ಹುಡುಕಿದರು. ಚಾಲಕನನ್ನು ಕೆಳಗಿಳಿಸಿ, ಅವನದೇ ಬಸ್ಸಿನ ಹಾರ್ನಿನ ಬಾಯಿಗೆ ಕಿವಿಯಿಟ್ಟು ಕೇಳುವಂತೆ ಮಾಡಿದರು. ವಿಡಿಯೊ ದೇಶವೆಲ್ಲ ಸುತ್ತಿತು. ಅವರು ಮಾಡಿದ್ದು ಸರಿಯೇ ಎಂದು ಕೇಳಿದರೆ ನಾನು ಉತ್ತರ ಹೇಳುವುದಿಲ್ಲ, ನಾಲ್ಕು ಸಲ ನೋಡಿದೆ ಎಂದಷ್ಟೇ ಹೇಳುತ್ತೇನೆ.

ಸದ್ದಿನ ವಿಷಯದಲ್ಲಿ ನಮ್ಮ ಸುತ್ತಮುತ್ತಲಿಗೆ ದೊಡ್ಡ ಹಿನ್ನೆಲೆಯಿದೆ. ಪಕ್ಕದ ಒಂಟಿಕೊಪ್ಪಲಿನ ‘ವಿಠ್ಠಲ ವಿಹಾರ’ದಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಖಾಸಗಿ ರೇಡಿಯೊ ಕೇಂದ್ರ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆ ಹೋದದ್ದು. ಪಕ್ಕದ ಮನೆಯವರ ನಿದ್ದೆ ಕೆಡಿಸದೆ ದನಿಯನ್ನು ಊರಾಚೆ ಮುಟ್ಟಿಸುವ ಉಪಾಯ ಅದು. ಅದಕ್ಕೂ ಹಿಂದೆ ಜಟಕಾ ಸಾಬಿಗಳು ಚಾಟಿಯ ಹಿಡಿಯನ್ನು ಚಕ್ರದ ಅರಗಳಿಗೆ ತಾಗಿಸಿ ಟರ್‌ರ್ ಎನ್ನಿಸಿದರೆ ದಾರಿ ಬಿಡುತ್ತಿದ್ದರು. ಬಂಡಿ ನಿಧಾನವಾದರೆ ಸದ್ದೂ ನಿಧಾನ, ನಿಂತರೆ ಸದ್ದೇ ಇಲ್ಲ. ಸಿಗ್ನಲ್ಲಿನಲ್ಲಿ ನಿಂತು ಹಾರ್ನ್ ಬಾರಿಸುವ ಸೌಕರ್ಯ ಆ ಯಂತ್ರದಲ್ಲಿ ಇರಲಿಲ್ಲ.

ಇನ್ನೊಂದು ಕಡೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ. ಕಿವಿ ಪರೀಕ್ಷೆಗೆ, ಶ್ರವಣ ಸಾಧನಕ್ಕೆ ದೂರದೂರದಿಂದ ಜನ ಅಲ್ಲಿಗೆ ಬರುತ್ತಾರೆ. ಅದರ ಮುಂದೆ ಹಾದುಹೋಗುವಾಗಲೆಲ್ಲ ನನಗೆ ನೆನಪಾಗುವುದು ಅಮೆರಿಕದ ಮಿಲ್ಲರ್ ರೀಸ್ ಹಚಿಸನ್. ಕಿವುಡರಿಗಾಗಿ ಮೊದಮೊದಲ ವಿದ್ಯುತ್ ಶ್ರವಣ ಸಾಧನ ಮಾಡಿದವನು ಅವನು. 1908ರ ಹೊತ್ತಿಗೆ ಮಾರುಕಟ್ಟೆಗೆ ಬಂದ ಕ್ಲಾಕ್ಸನ್ ಎಂಬ ಅಬ್ಬರದ ಕಾರು ಹಾರ್ನನ್ನು ಕಂಡುಹಿಡಿದವನೂ ಅವನೇ. ಒಂದರಿಂದ ಕಿವುಡು ಮಾಡಿ ಇನ್ನೊಂದನ್ನು ಮಾರುತ್ತಾನೆ ಎಂದು ಆಗಲೇ ತಮಾಷೆ ಹುಟ್ಟಿತ್ತಂತೆ. ನಮ್ಮ ಬೀದಿಯ ನಿವೃತ್ತ ಮೇಷ್ಟರೊಬ್ಬರು ಆ ತಮಾಷೆಗೆ ನಗಲಿಲ್ಲ. ಕಿವಿಯ ಮಷೀನು ಹಾಕಿಕೊಂಡು ಬೆಳಗಿನ ವಾಕಿಂಗಿಗೆ ಹೊರಡುವ ಅವರು ಕಾಳಿದಾಸ ರಸ್ತೆ ಬಂದೊಡನೆ ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. “ಹಾರ್ನ್ ಹೊಡೆದರೆ ತಲೆಯೊಳಗೆ ಸುತ್ತಿಗೆ ಬಿದ್ದ ಹಾಗಾಗುತ್ತಪ್ಪ. ದಾಟಿದ ಮೇಲೆ ಹಾಕ್ಕೋತೀನಿ” ಎಂದರು. ಹಾರ್ನ್ ಯಾರಿಗೆ ಕೇಳಿಸಲೇಬೇಕೋ ಅವರು ಹಾರ್ನಿಗೆ ಹೆದರಿ ಕಿವಿ ಮುಚ್ಚಿ ರಸ್ತೆ ದಾಟುತ್ತಿದ್ದಾರೆ.

ಕಾಗದದ ಮೇಲೆ ನಮ್ಮ ಬಡಾವಣೆ ಬಹಳ ಮೌನದ್ದು. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ವಸತಿ ಪ್ರದೇಶದಲ್ಲಿ ತುರ್ತು ಸಂದರ್ಭ ಬಿಟ್ಟರೆ ಹಾರ್ನ್ ಮಾಡುವಂತೆಯೇ ಇಲ್ಲ. ಆಸ್ಪತ್ರೆ, ಕಾಲೇಜುಗಳ ಸುತ್ತ ನೂರು ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶವಿದೆ. ಮಹಾಜನ ಕಾಲೇಜನ್ನೂ ಇಲ್ಲಿನ ಆಸ್ಪತ್ರೆಗಳನ್ನೂ ಗುರುತಿಸಿ ನಕ್ಷೆಯ ಮೇಲೆ ಒಂದೊಂದು ವೃತ್ತ ಎಳೆದು ನೋಡಿ. ಹಾರ್ನ್ ಬಾರಿಸಲು ಜಾಗ ಹುಡುಕಬೇಕಾಗುತ್ತದೆ.

ಆದ್ದರಿಂದ ನಾನು ಮೆಕ್ಯಾನಿಕ್‌ಗೆ ಇನ್ನೊಂದು ಕೆಲಸ ಹೇಳಿದೆ: ಗುಬ್ಬಿಯನ್ನು ಬಿಸಾಡಬೇಡ. ಫ್ರಾನ್ಸಿನ ಹಳೆಯ ಕಾರುಗಳಲ್ಲಿ ಊರಿಗೊಂದು, ಹೆದ್ದಾರಿಗೊಂದು ಹಾರ್ನ್ ಇರುತ್ತಿತ್ತು. ಹಾಗೆಯೇ ಒಂದು ಚಿಕ್ಕ ಸ್ವಿಚ್ ಇಡು, ಈ ಕಡೆ ಒತ್ತಿದರೆ ಹಳೆಯದು, ಆ ಕಡೆ ಒತ್ತಿದರೆ ಹೊಸ ಜೋಡಿ. ಅವನು ನನ್ನನ್ನು ಒಂದು ಕ್ಷಣ ದಿಟ್ಟಿಸಿದ. ಜೋರು ಮಾಡಿಕೊಡಿ ಎಂದು ಬರುವವರನ್ನೇ ಕಂಡವನು. ಮೂವತ್ತು ರೂಪಾಯಿಯ ಸ್ವಿಚ್, ಗೇಣುದ್ದ ತಂತಿ, ಅರ್ಧ ಗಂಟೆಯ ಕೆಲಸ. ಯಾವ ಕಡೆ ಯಾವುದೆಂದು ಮರೆಯಬಾರದಲ್ಲ, ಅವನ ಕೈಕೆಳಗಿನ ಹುಡುಗ ಬಿಳಿ ಪೇಂಟಿನಲ್ಲಿ ಒಂದು ಕಡೆ ‘ಮನೆ’ ಎಂದು ಬರೆದ, ಇನ್ನೊಂದು ಕಡೆ ‘ಲಾರಿ’ ಎಂದು ಬರೆದ.

ಮರುದಿನ ಹುಣಸೂರಿಗೆ ಹೊರಟೆ. ಹೂಟಗಳ್ಳಿ ಕಳೆದ ಮೇಲೆ ಸ್ವಿಚ್ಚನ್ನು ‘ಲಾರಿ’ ಕಡೆಗೆ ತಳ್ಳಿದೆ. ಹೋಗುವಾಗ ಎರಡು ಸಲ, ಬರುವಾಗ ಒಂದು ಸಲ ಒತ್ತಬೇಕಾಯಿತು. ಮೂರು ಸಲವೂ ಮುಂದಿನವರು ಎಡಕ್ಕೆ ಸರಿದರು. ಜಯಲಕ್ಷ್ಮಿಪುರಂ ಸೇರುವ ಮುನ್ನ ಸ್ವಿಚ್ ಹಿಂದಕ್ಕೆಳೆಯುವುದು ಮರೆತುಹೋಯಿತು. ನಮ್ಮ ಬೀದಿಯ ತಿರುವಿನಲ್ಲಿ ಮೇಷ್ಟರು ನಡೆದು ಬರುತ್ತಿದ್ದರು. ಬೆರಳು ಬಟನ್ನಿನ ಮೇಲಿತ್ತು. ತೆಗೆದು, ಕಾರು ನಿಲ್ಲಿಸಿದೆ. ಅವರು ಕೈಯೆತ್ತಿ, ನಿಧಾನವಾಗಿ ದಾಟಿ, ಆಚೆ ಬದಿ ಸೇರಿ, ಜೇಬಿಗೆ ಕೈಹಾಕಿದರು.