ಕೋಣೆ ಆಮೇಲೆ, ಕಾಗದ ಮೊದಲು

ಭಾನುವಾರ ಬಂತು ಅಂದ್ರೆ ಬೆಂಗಳೂರಿನ ಮಧ್ಯಮ ವರ್ಗಕ್ಕೆ ಒಂದು ಕೆಲಸ ಕಾದಿರುತ್ತೆ. ಮನೆ ನೋಡೋದು. ವಿಜಯನಗರದಿಂದ ಹೊರಟ ಗಂಡ, ಹೆಂಡತಿ, ಎರಡು ಮಕ್ಕಳು ಬೆಳಗ್ಗೆ ಸರ್ಜಾಪುರ ರಸ್ತೆ, ಮಧ್ಯಾಹ್ನ ವೈಟ್‌ಫೀಲ್ಡ್, ಸಂಜೆ ಹೆಣ್ಣೂರು ಅಂತ ಸುತ್ತುತ್ತಾರೆ. ಹೋದಲ್ಲೆಲ್ಲ ಮಾದರಿ ಮನೆ ನೋಡಿ, ಅವರು ಕೊಟ್ಟ ಕಾಫಿ ಕುಡಿದು, ಬಣ್ಣದ ಬ್ರೋಷರ್ ಹಿಡಿದುಕೊಂಡು ರಾತ್ರಿ ಬಾಡಿಗೆ ಮನೆ ಸೇರುತ್ತಾರೆ. ಹೀಗೇ ಎರಡು ವರ್ಷ. ನಲವತ್ತು ಮನೆ ನೋಡಿದ್ದಾಯ್ತು, ಒಂದೂ ತಗೊಳ್ಳೋಕೆ ಆಗಲಿಲ್ಲ.

ಇಂಥವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: 'ಸರ್, ಒಳ್ಳೆ ಮನೆ ಎಲ್ಲಿ ಸಿಗುತ್ತೆ?' ನಾನು ತಿರುಗಿ ಕೇಳ್ತೀನಿ, ನೀವು ಯಾವುದನ್ನು ಮೊದಲು ನೋಡಿದ್ರಿ? ಉತ್ತರ ಎಲ್ಲರದ್ದೂ ಒಂದೇ. ಮೊದಲು ಮನೆ, ಆಮೇಲೆ ದುಡ್ಡಿನ ಲೆಕ್ಕ, ಕಟ್ಟಕಡೆಗೆ ಕಾಗದಪತ್ರ. ಇಡೀ ಕ್ರಮವೇ ತಲೆಕೆಳಗು ಸ್ವಾಮಿ! ಮನಸ್ಸು ಕೊಟ್ಟಾದ ಮೇಲೆ ದುಡ್ಡು ಸಾಲಲ್ಲ ಅಂತ ಗೊತ್ತಾಗುತ್ತೆ. ದುಡ್ಡು ಹೊಂದಿಸಿದ ಮೇಲೆ ಕಾಗದ ಸರಿ ಇಲ್ಲ ಅಂತ ಗೊತ್ತಾಗುತ್ತೆ. ಮತ್ತೆ ಮೊದಲಿಂದ ಶುರು.

'ಒಂದೆರಡು ವರ್ಷ ತಡವಾದ್ರೆ ಏನಂತೆ?' ಅನ್ನಬೇಡಿ. ಸಂಬಳದವರಿಗೆ ಬ್ಯಾಂಕು ಸಾಮಾನ್ಯವಾಗಿ ನಿವೃತ್ತಿಯ ಹೊತ್ತಿಗೆ ತೀರುವ ಹಾಗೆ ಸಾಲ ಕೊಡುತ್ತೆ. 40ರಲ್ಲಿ ಹೋದರೆ 20 ವರ್ಷದ ಸಾಲ, 42ರಲ್ಲಿ ಹೋದರೆ 18 ವರ್ಷದ್ದು. ಅಷ್ಟೇ ಸಾಲಕ್ಕೆ ಪ್ರತಿ ತಿಂಗಳ ಕಂತು ಏರುತ್ತೆ. ಈ ಎರಡು ವರ್ಷ ಕಟ್ಟಿದ ಬಾಡಿಗೆ ಬೇರೆ.

ಹಾಗಾಗಿ ದುಡ್ಡಿನಿಂದಲೇ ಶುರು ಮಾಡೋಣ. 80 ಲಕ್ಷದ, ಕಟ್ಟಿ ಮುಗಿದ ಒಂದು ಫ್ಲ್ಯಾಟ್ ಅಂತಿಟ್ಟುಕೊಳ್ಳಿ. 30 ಲಕ್ಷಕ್ಕಿಂತ ಮೇಲೆ, 75 ಲಕ್ಷದವರೆಗಿನ ಗೃಹಸಾಲದಲ್ಲಿ ಮನೆ ಬೆಲೆಯ ಶೇ. 80ಕ್ಕಿಂತ ಹೆಚ್ಚು ಕೊಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಅಂದ್ರೆ ಹೆಚ್ಚೆಂದರೆ 64 ಲಕ್ಷ ಸಾಲ. 16 ಲಕ್ಷ ನಿಮ್ಮ ಕೈಯಿಂದ. ಇಲ್ಲಿಗೆ ಲೆಕ್ಕ ಮುಗೀತು ಅಂತ ಬಹಳ ಜನ ಅಂದುಕೊಳ್ತಾರೆ. ಮುಗಿದಿಲ್ಲ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ. 5, ಅಂದ್ರೆ 4 ಲಕ್ಷ. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ ಇನ್ನೊಂದು 48 ಸಾವಿರ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಗೆ ಶೇ. 1ರಿಂದ ಶೇ. 2ಕ್ಕೆ ಏರಿತು, ಅದು 1 ಲಕ್ಷ 60 ಸಾವಿರ. ಒಟ್ಟು 6 ಲಕ್ಷ 8 ಸಾವಿರ. ಮನೆ ಬೆಲೆಯ ಲೆಕ್ಕಕ್ಕೆ ಬ್ಯಾಂಕು ಇದನ್ನು ಸೇರಿಸಿಕೊಳ್ಳಲ್ಲ. ಇದೂ ನಿಮ್ಮ ಜೇಬಿಂದಲೇ. ಒಂದು ಕಪಾಟು ಹಾಕಿಸುವ ಮೊದಲೇ 22 ಲಕ್ಷ ಕೈಯಲ್ಲಿರಬೇಕು! ಇನ್ನೂ ಕಟ್ಟುತ್ತಿರುವ ಮನೆಯಾದರೆ ಮೇಲೆ ಶೇ. 5 ಜಿಎಸ್‌ಟಿ.

ಈ ಲೆಕ್ಕ ಮಾಡೋಕೆ ಒಂದು ಸಂಜೆ ಸಾಕು. ಸಂಬಳದ ಚೀಟಿ ಹಿಡಿದು ಬ್ಯಾಂಕಿಗೆ ಹೋಗಿ, 'ನನಗೆ ಎಷ್ಟು ಸಾಲ ಸಿಗುತ್ತೆ?' ಅಂತ ಮೊದಲೇ ಕೇಳಿ ಬನ್ನಿ. ಸಿಬಿಲ್ ಸ್ಕೋರ್‌ನಲ್ಲಿ ಯಾವುದೋ ಹಳೇ ಕ್ರೆಡಿಟ್ ಕಾರ್ಡ್ ಬಾಕಿ ಅಡ್ಡ ಬಂದಿದ್ದರೆ ಆಗಲೇ ಗೊತ್ತಾಗುತ್ತೆ. ನಿಮ್ಮ ಮಿತಿ 60 ಲಕ್ಷ ಅಂತ ತಿಳಿದ ಮೇಲೆ 90 ಲಕ್ಷದ ಮನೆ ನೋಡುವ ಭಾನುವಾರಗಳೆಲ್ಲ ಉಳಿದವು.

ಎರಡನೆಯದು, ಅಳತೆ. 'ಸಾವಿರದ ಇನ್ನೂರು ಚದರಡಿ ಸರ್' ಅಂತಾರೆ. ಯಾವ ಚದರಡಿ? ಸೂಪರ್ ಬಿಲ್ಟ್ ಅಪ್‌ ಅಂದರೆ ಮೆಟ್ಟಿಲು, ಲಿಫ್ಟು, ಲಾಬಿಯ ಪಾಲೂ ಅದರೊಳಗೆ ಸೇರಿರುತ್ತೆ. 2016ರ ರೇರಾ ಕಾಯ್ದೆ ಲೆಕ್ಕಕ್ಕೆ ಹಿಡಿಯುವುದು ಕಾರ್ಪೆಟ್ ಏರಿಯಾವನ್ನು. ಅಂದ್ರೆ ಮನೆಯೊಳಗೆ ನೀವು ನಿಜವಾಗಿ ಬಳಸುವ ನೆಲ. ಒಳಗಿನ ಅಡ್ಡಗೋಡೆ ಇದಕ್ಕೆ ಸೇರುತ್ತೆ, ಹೊರಗೋಡೆ, ಬಾಲ್ಕನಿ ಸೇರಲ್ಲ. ಒಂದು ಕಡೆ ಸೂಪರ್ ಬಿಲ್ಟ್ ಅಪ್, ಇನ್ನೊಂದು ಕಡೆ ಕಾರ್ಪೆಟ್ ಹಿಡಿದು ಬೆಲೆ ಹೋಲಿಸಿದರೆ ಸೇರಿಗೂ ಮಾರಿಗೂ ತಾಳೆ ಹಾಕಿದ ಹಾಗೆ.

ಮೂರನೆಯದೇ ದೊಡ್ಡದು. ಕಾಗದ. ಮನೆ ನೋಡೋಕೆ ಕರೆದವರಿಗೆ ಫೋನಿನಲ್ಲೇ ನಾಲ್ಕು ಪ್ರಶ್ನೆ ಹಾಕಿ. ಎ ಖಾತಾನಾ, ಬಿ ಖಾತಾನಾ? ಇ-ಖಾತಾ ಆಗಿದೆಯಾ? ಸ್ವಾಧೀನಾನುಭವ ಪತ್ರ, ಅಂದ್ರೆ ಓಸಿ ಇದೆಯಾ? ರೇರಾ ನಂಬರ್ ಏನು? 'ಅದೆಲ್ಲ ಬಂದು ನೋಡಿ ಸರ್, ಕೂತು ಮಾತಾಡೋಣ' ಅಂದ್ರೆ ನೀವು ಹೋಗೋದೇ ಬೇಡ.

ಯಾಕೆ ಇಷ್ಟು ಖಡಾಖಂಡಿತ ಅಂತೀರಾ? ಬೆಂಗಳೂರು ನಗರದಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿ ಆಗಲ್ಲ. ಓಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬೇಡಿ, ಬ್ಯಾಂಕುಗಳೂ ಪರಿಶೀಲಿಸದೆ ಸಾಲ ಕೊಡಬೇಡಿ ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಬರೀ ಜಿಪಿಎ ಮೇಲೆ ಆಸ್ತಿ ಕೈ ಬದಲಾದರೆ ಮಾಲೀಕತ್ವ ಬರಲ್ಲ ಅಂತ ಅದೇ ನ್ಯಾಯಾಲಯ 2011ರಲ್ಲೇ ಹೇಳಿಯಾಗಿದೆ. ಆದರೂ 'ಜಿಪಿಎ ಇದೆ, ಏನೂ ಆಗಲ್ಲ' ಅನ್ನೋರು ಇದ್ದಾರೆ, ನಂಬೋರೂ ಇದ್ದಾರೆ.

ಹಳೇ ಮನೆಯಾದರೆ ಇನ್ನೊಂದು ಪ್ರಶ್ನೆ ಸೇರಿಸಿ. ಈ ಆಸ್ತಿ ನಿಮಗೆ ಹೇಗೆ ಬಂತು? ತಂದೆಯಿಂದ ಬಂದಿದ್ದು ಅಂದರೆ ವಂಶವೃಕ್ಷ ತೋರಿಸಿ ಅನ್ನಿ. ಅಣ್ಣ ಮಾರ್ತೀನಿ ಅಂತಾನೆ, ಮದುವೆಯಾಗಿ ಹೋದ ತಂಗಿಯ ಸಹಿ ಎಲ್ಲಿ? 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಮುಂಗಡ ಕೊಟ್ಟ ಮೇಲೆ ಆ ತಂಗಿ ಕೋರ್ಟಿಗೆ ಹೋದರೆ ತಪ್ಪು ಅವಳದಲ್ಲ. ನಿಮ್ಮ ವರ್ಷಗಳು ಮಾತ್ರ ಕೋರ್ಟಿನ ಕಟ್ಟೆ ಮೇಲೆ ಕಳೆಯುತ್ತವೆ.

ಋಣಭಾರ ಪ್ರಮಾಣಪತ್ರ, ನಾವು ಇಸಿ ಅಂತೀವಲ್ಲ, ಅದನ್ನು ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ಪಡೆಯಬಹುದು. ಆದರೆ ಅದೊಂದೇ ಸಾಕು ಅಂದುಕೊಳ್ಳಬೇಡಿ. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿಯಾಗದ ಕರಾರು ಅದರಲ್ಲಿ ಬರಲ್ಲ. ಹಾಗೇ ಖಾತಾ ಅನ್ನೋದು ತೆರಿಗೆ ಲೆಕ್ಕದ ದಾಖಲೆ, ಮಾಲೀಕತ್ವಕ್ಕೆ ಮೂಲಪತ್ರ, ಕ್ರಯಪತ್ರ ಬೇಕು. ಇದನ್ನೆಲ್ಲ ಓದೋಕೆ ಒಬ್ಬ ವಕೀಲರು ಬೇಕು. 'ಬ್ಯಾಂಕಿನ ವಕೀಲರೇ ನೋಡ್ತಾರಲ್ಲ' ಅಂತ ಸುಮ್ಮನಾಗಬೇಡಿ. ಬ್ಯಾಂಕಿನ ವಕೀಲರು ನೋಡೋದು ಬ್ಯಾಂಕಿನ ದುಡ್ಡು ಭದ್ರವಾಗಿದೆಯಾ ಅಂತ. ಅದೂ ನೀವು ಮುಂಗಡ ಕೊಟ್ಟು, ಸಾಲಕ್ಕೆ ಅರ್ಜಿ ಹಾಕಿದ ಮೇಲೆ. ನಿಮ್ಮ ವಕೀಲರು ಮುಂಗಡಕ್ಕಿಂತ ಮೊದಲು ಓದಬೇಕು. ಲಕ್ಷಾಂತರ ರೂಪಾಯಿ ಶುಲ್ಕ ಕಟ್ಟುವವರು ಈ ಫೀಸಿನಲ್ಲಿ ಮಾತ್ರ ಯಾಕೆ ಚೌಕಾಸಿ ಮಾಡ್ತೀರಿ?

ಮುಂಗಡದ ಮಾತು ಬಂತಲ್ಲ, 'ಇನ್ನೊಬ್ಬರು ಸಂಜೆ ಬರ್ತಿದ್ದಾರೆ, ಈಗಲೇ ಟೋಕನ್ ಕೊಡಿ' ಅನ್ನೋ ಡೈಲಾಗ್ ನೀವೂ ಕೇಳಿರ್ತೀರಿ. ರೇರಾ ವ್ಯಾಪ್ತಿಯ ಯೋಜನೆಯಲ್ಲಿ ಕರಾರುಪತ್ರ ನೋಂದಣಿ ಮಾಡಿಸದೆ ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಖಾಸಗಿಯವರಿಂದ ಕೊಳ್ಳುವಾಗ ಕಾಗದ ಸರಿ ಇಲ್ಲದಿದ್ದರೆ, ಸಾಲ ಮಂಜೂರಾಗದಿದ್ದರೆ ಮುಂಗಡ ವಾಪಸ್ ಅಂತ ಕರಾರಿನಲ್ಲೇ ಬರೆಸಿಕೊಳ್ಳಿ.

ಇನ್ನೊಂದು ವಿಷಯ ಕಾನೂನಿನದ್ದಲ್ಲ, ಮನೆಯೊಳಗಿನದ್ದು. ಗಂಡ ಹೆಂಡತಿ ಆರು ತಿಂಗಳು ಅಲೆದು ಒಂದು ಮನೆ ಒಪ್ಪಿರ್ತಾರೆ. ಕೊನೇ ದಿನ ಊರಿಂದ ಮಾವನವರು ಬರ್ತಾರೆ. ಬಾಗಿಲಲ್ಲೇ ನಿಂತು 'ದಕ್ಷಿಣದ ಬಾಗಿಲು, ಬೇಡಪ್ಪ' ಅಂತಾರೆ. ಆರು ತಿಂಗಳು ನೀರಲ್ಲಿ ಹೋಮ! ವಾಸ್ತು ನಂಬೋದು ಬಿಡೋದು ನಿಮಗೆ ಸೇರಿದ್ದು. ಆದರೆ ಯಾರ 'ಬೇಡ'ಕ್ಕೆ ನಿಮ್ಮ ಮನೆಯಲ್ಲಿ ಬೆಲೆ ಇದೆಯೋ ಅವರನ್ನು ಮೊದಲೇ ಕೂರಿಸಿಕೊಂಡು ಪಟ್ಟಿ ಮಾಡಿ. ಇದು ಬೇಕೇ ಬೇಕು, ಇದು ಇದ್ದರೆ ಒಳ್ಳೇದು, ಇದು ಬೇಡವೇ ಬೇಡ. ಪೂರ್ವದ ಬಾಗಿಲು, ಮೆಟ್ರೋ ಹತ್ತಿರ, ಕಾವೇರಿ ನೀರು, ಮಕ್ಕಳ ಶಾಲೆ, ಕಡಿಮೆ ಬೆಲೆ ಎಲ್ಲವೂ ಒಂದೇ ಮನೆಯಲ್ಲಿ ಸಿಗಲಿ ಅಂತ ಕಾಯುವವರು ಕಾಯುತ್ತಲೇ ಇರಬೇಕಾಗುತ್ತೆ.

ಇಷ್ಟು ಮಾಡಿದ ಮೇಲೆ ನಿಮ್ಮ ಪಟ್ಟಿಯಲ್ಲಿ ಉಳಿಯುವುದು ಐದೋ ಆರೋ ಮನೆ. ಅವುಗಳನ್ನು ಒಂದಲ್ಲ, ಎರಡು ಸಲ ನೋಡಿ. ಒಮ್ಮೆ ಭಾನುವಾರ, ಇನ್ನೊಮ್ಮೆ ಸೋಮವಾರ ಬೆಳಗ್ಗೆ ಒಂಬತ್ತಕ್ಕೆ, ಆಫೀಸಿಗೆ ಹೋಗುವ ಹೊತ್ತಲ್ಲಿ. ಸಾಧ್ಯವಾದರೆ ಜೋರು ಮಳೆ ಬಂದ ಮಾರನೇ ದಿನವೂ ಹೋಗಿ, ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ನೀರು ನಿಂತಿದೆಯಾ ನೋಡಿ. ಅಲ್ಲೇ ವಾಸ ಇರುವವರನ್ನು ಮಾತಾಡಿಸಿ, ಬೇಸಿಗೆಯಲ್ಲಿ ತಿಂಗಳಿಗೆ ಎಷ್ಟು ಟ್ಯಾಂಕರ್ ತರಿಸ್ತೀರಿ ಅಂತ ಕೇಳಿ. ಈ ಉತ್ತರಗಳು ಯಾವ ಬ್ರೋಷರ್‌ನಲ್ಲೂ ಅಚ್ಚಾಗಿರಲ್ಲ.